ಮೊದಲು ಸೋಫಾ, ಆಮೇಲೆ ಸ್ಪೀಕರ್

ಪಾತ್ರಗಳು ಪಿಸುಮಾತಿಗಿಳಿದರೆ ರಿಮೋಟ್ ಹುಡುಕಿ ವಾಲ್ಯೂಮ್ ಏರಿಸುವುದು, ಮರುಕ್ಷಣ ಪರದೆಯ ಮೇಲೆ ಏನೋ ಸಿಡಿದರೆ ಗಡಬಡಿಸಿ ಇಳಿಸುವುದು. ಟಿವಿಯೊಳಗಿನ ಪುಟ್ಟ ಸ್ಪೀಕರಿನಲ್ಲಿ ಇದು ಸಹಜ. ಆದರೆ ಐದು ಸ್ಪೀಕರು, ಬೇಸಿಗೆಂದೇ ಒಂದು ಸಬ್‌ವೂಫರು, ಇವಕ್ಕೆಲ್ಲ ಶಬ್ದ ಹಂಚುವ, ಎತ್ತಲು ಇಬ್ಬರು ಬೇಕಾಗುವ ರಿಸೀವರು ಎಲ್ಲವೂ ಸೇರಿದ ಹೋಮ್ ಥಿಯೇಟರ್ ಇರುವ ಮನೆಗಳಲ್ಲೂ ಇದೇ ಕಸರತ್ತು ನಡೆದಿರುತ್ತದೆ. ಚೆನ್ನಾಗಿ ಕೇಳಲೆಂದೇ ತಂದದ್ದರಲ್ಲಿ ಮಾತೇ ತಿಳಿಯದಿದ್ದಾಗ ದೂರು ಹೋಗುವುದು ಸ್ಪೀಕರಿನ ಕಂಪನಿಯ ಮೇಲೆ, ಇಲ್ಲವೇ ‘ವಾಟ್ಸ್ ಸಾಲದು’ ಎಂಬಲ್ಲಿಗೆ. ಇನ್ನೂ ದೊಡ್ಡದು ತಂದರೆ ತಿಳಿಯದ ಮಾತು ಇನ್ನೂ ಜೋರಾಗಿ ಬರುತ್ತದೆ, ಅಷ್ಟೆ.

ಕೊಳ್ಳಲು ಹೊರಟವರೆಲ್ಲ ಕೇಳುವುದು ಎರಡೇ: ಯಾವ ಕಂಪನಿಯದು ತಗೊಳ್ಳಲಿ, ಎಷ್ಟು ವಾಟ್ಸು ಇರಬೇಕು. ಈ ಎರಡಕ್ಕೂ ಮೊದಲು ನಾನು ತಿರುಗಿ ಕೇಳುವುದು ಒಂದನ್ನು: ಸೋಫಾ ಎಲ್ಲಿದೆ? ತಮಾಷೆಗೆ ಕೇಳುವ ಮಾತಲ್ಲ ಇದು. ಸಣ್ಣ ಕೋಣೆಯಲ್ಲಿ ಕಿವಿ ಎಲ್ಲಿರುತ್ತದೆ ಎಂಬುದು ನಿಕ್ಕಿಯಾಗದೆ ಸ್ಪೀಕರಿನ ಗಾತ್ರವಾಗಲಿ, ಸಂಖ್ಯೆಯಾಗಲಿ, ರಿಸೀವರಿನ ಶಕ್ತಿಯಾಗಲಿ ತೀರ್ಮಾನವಾಗುವುದಿಲ್ಲ.

ಟೇಪು ಹಿಡಿದು ಅಳೆದರೆ

ಒಂದು ಕೋಣೆಯನ್ನೇ ತೆಗೆದುಕೊಳ್ಳೋಣ. ಉದ್ದ 4.2 ಮೀಟರ್, ಅಗಲ 3.3, ಎತ್ತರ 2.9. ಟಿವಿ ಕಿರಿದಾದ ಗೋಡೆಗೆ, ಸೋಫಾ ಎದುರು ಗೋಡೆಗೆ ಒರಗಿಕೊಂಡಿದೆ. ಬಹುಪಾಲು ಮನೆಗಳ ಚಿತ್ರ ಇದೇ. ಎದುರುಬದುರು ಗೋಡೆಗಳ ನಡುವೆ ಶಬ್ದ ಹೋಗಿಬರುವಾಗ ಕೆಲವು ಆವರ್ತನಗಳು ಆ ಅಳತೆಗೆ ಸರಿಯಾಗಿ ಕೂತು ಅಲ್ಲೇ ನಿಂತುಬಿಡುತ್ತವೆ. ಲೆಕ್ಕ ಸುಲಭ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಬೇಕು. ಈ ಕೋಣೆಯ ಉದ್ದಕ್ಕೆ ಸುಮಾರು 41 ಹರ್ಟ್ಜ್ ಬರುತ್ತದೆ, ಅಗಲಕ್ಕೆ 52, ಎತ್ತರಕ್ಕೆ 59. ಸಿನಿಮಾದ ಗುಡುಗು, ಎಂಜಿನ್ನು, ಸ್ಫೋಟ ಎಲ್ಲ ಓಡಾಡುವುದು ಇದೇ ವಲಯದಲ್ಲಿ. ಗೋಡೆಗೆ ಅಂಟಿ ಕೂತವರಿಗೆ ಉದ್ದದಿಂದ ಹುಟ್ಟುವ ಇಂಥ ಅಲೆಗಳೆಲ್ಲ ಗರಿಷ್ಠ ಒತ್ತಡದಲ್ಲಿ ಸಿಗುತ್ತವೆ, ಅದಕ್ಕೇ ಅಲ್ಲಿ ಬೇಸ್ ಗುಂಯ್ಗುಡುತ್ತದೆ. ಕೋಣೆಯ ನಟ್ಟನಡುವೆ ಕೂತವರಿಗೆ 41 ಹರ್ಟ್ಜ್ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಅದೇ ಸಬ್‌ವೂಫರ್, ಅದೇ ದೃಶ್ಯ, ಎರಡು ಮೀಟರ್ ಅಂತರದಲ್ಲಿ ಎರಡು ಬೇರೆ ಅನುಭವ.

ಹಿಂಗೋಡೆಯಿಂದ ಕೋಣೆಯ ಉದ್ದದ ಮೂರನೇ ಒಂದು ಭಾಗದಷ್ಟು ಮುಂದೆ ಕೂರುವುದು ಒಳ್ಳೆಯದು ಎನ್ನುತ್ತಾರೆ. ನಮ್ಮ ಲೆಕ್ಕದ ಕೋಣೆಯಲ್ಲಿ ಅದು 1.4 ಮೀಟರ್, ಓಡಾಡಲು ದಾರಿ ಬೇಡವೇ ಎಂದು ಮನೆಯವರು ಕೇಳಿದರೆ ಉತ್ತರವಿಲ್ಲ. ಆದರೂ ಅರ್ಧ ಮೀಟರಿನಷ್ಟಾದರೂ ಮುಂದೆ ಎಳೆಯಿರಿ. ತಲೆಯ ಹಿಂದೆಯೇ ಬರಿಗೋಡೆ ಇದ್ದರೆ ನೇರ ಶಬ್ದದ ಬೆನ್ನಿಗೇ ಅದರ ಪ್ರತಿಫಲನ ಕಿವಿಗೆ ತಾಗಿ ಮಾತಿನ ಅಂಚು ಮಂಕಾಗುತ್ತದೆ. ಎಳೆಯಲು ಸಾಧ್ಯವೇ ಇಲ್ಲದಿದ್ದರೆ ಆ ಗೋಡೆಯ ಮೇಲೆ ಪುಸ್ತಕದ ಕಪಾಟೋ, 10 ಸೆಂಟಿಮೀಟರ್ ದಪ್ಪದ ಗ್ಲಾಸ್‌ವುಲ್ ಪ್ಯಾನೆಲ್ಲೋ ಬರಲಿ. ತೆಳು ಫೋಮಿನ ಹಾಳೆಗಳಿಂದ ಮೇಲಿನ ಕೀಚಲು ಸತ್ತು ಕೆಳಗಿನ ಗುಂಯ್ ಹಾಗೇ ಉಳಿಯುತ್ತದೆ. ನೋಡಲು ಸ್ಟುಡಿಯೋದಂತಿರುತ್ತದೆ ಎಂಬುದೊಂದೇ ಅದರ ಲಾಭ.

ವಾಟ್ಸಿನ ಭ್ರಮೆ

ಸೋಫಾ ಮುಂದೆ ಬಂತು, ಸ್ಪೀಕರಿನಿಂದ ಕಿವಿಗೆ 2.7 ಮೀಟರ್ ಉಳಿಯಿತು ಎಂದುಕೊಳ್ಳೋಣ. ಈಗ ವಾಟ್ಸಿನ ಲೆಕ್ಕಕ್ಕೆ ಅರ್ಥ ಬರುತ್ತದೆ. ಕಪಾಟಿನ ಮೇಲಿಡಬಹುದಾದ ಸಾಧಾರಣ ಬುಕ್‌ಶೆಲ್ಫ್ ಸ್ಪೀಕರಿನ ಸೆನ್ಸಿಟಿವಿಟಿ 86 ಡೆಸಿಬೆಲ್ ಆಸುಪಾಸು, ಅಂದರೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್. 2.7 ಮೀಟರಿಗೆ ಬರುವಷ್ಟರಲ್ಲಿ ಸುಮಾರು 9 ಕಳೆದು 77 ಉಳಿಯುತ್ತದೆ. ಚಿತ್ರಮಂದಿರದ ಪ್ರಮಾಣದಲ್ಲಿ ಒಂದು ಮುಖ್ಯ ಚಾನೆಲ್‌ನ (ಒಂದು ಸ್ಪೀಕರಿನ ಪಾಲಿನ ಶಬ್ದದ) ಅತಿ ಜೋರಿನ ಕ್ಷಣ 105 ಡೆಸಿಬೆಲ್. ಸಣ್ಣ ಕೋಣೆಯಲ್ಲಿ ಅದು ಯಾರಿಗೂ ಹಿತವಲ್ಲ. ಮನೆಯಲ್ಲಿ ಜೋರು ಅನ್ನಿಸುವುದು ಅದಕ್ಕಿಂತ 15 ಡೆಸಿಬೆಲ್ ಕೆಳಗೆ, ಅಂದರೆ 90. 77ರಿಂದ 90ಕ್ಕೆ ಏರಲು 13 ಡೆಸಿಬೆಲ್ ಬೇಕು, ಅದಕ್ಕೆ ಬೇಕಾದದ್ದು 20 ವಾಟ್. ಗೋಡೆಗಳು ತಾವೂ ಒಂದೆರಡು ಡೆಸಿಬೆಲ್ ಸೇರಿಸುವುದರಿಂದ ಅಷ್ಟೂ ಬೇಕಾಗದು. ಮಾತುಕತೆಯ ದೃಶ್ಯಗಳು ಅರ್ಧ ವಾಟಿನಲ್ಲೇ ಮುಗಿಯುತ್ತವೆ.

80 ವಾಟಿನ ರಿಸೀವರ್ ಬಿಟ್ಟು 100 ವಾಟಿನದನ್ನು ತಂದರೆ ಸಿಗುವುದು 1 ಡೆಸಿಬೆಲ್. ಅದೇ 83 ಡೆಸಿಬೆಲ್ಲಿನ ಸ್ಪೀಕರಿನ ಬದಲು 89ರದನ್ನು ಆರಿಸಿಕೊಂಡರೆ ರಿಸೀವರಿನ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದಂತೆ. ಆದರೂ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದು ವಾಟ್ಸೇ. ಆ ಅಂಕಿಯ ಕೆಳಗಿನ ಸಣ್ಣಕ್ಷರ ಓದಬೇಕು. ‘6 ಓಮ್, 1 ಕಿಲೋಹರ್ಟ್ಜ್, 10% ಡಿಸ್ಟಾರ್ಷನ್, ಒಂದು ಚಾನೆಲ್’ ಎಂದಿದ್ದರೆ ಅದು ಜಾಹೀರಾತಿನ ಅಂಕಿ (ಡಿಸ್ಟಾರ್ಷನ್ ಅಂದರೆ ಶಬ್ದ ಕೆಡುವ ಪ್ರಮಾಣ). ‘8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, 0.08%, ಎರಡು ಚಾನೆಲ್ ಒಟ್ಟಿಗೆ’ ಎಂದಿದ್ದರೆ ಅದನ್ನು ನಂಬಬಹುದು. ಒಂದೇ ಯಂತ್ರಕ್ಕೆ ಮೊದಲನೆಯ ಲೆಕ್ಕದಲ್ಲಿ 150, ಎರಡನೆಯದರಲ್ಲಿ 80 ಎಂದಿರುವುದು ಸಾಮಾನ್ಯ. ಈ ಚಾಳಿ ಹೊಸದೇನಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಆಂಪ್ಲಿಫೈಯರ್ ವಾಟ್ಸಿನ ಬಗ್ಗೆ ನಿಯಮ ಮಾಡಬೇಕಾಗಿ ಬಂದಿತ್ತು.

ವಾಟ್ಸಿಗಿಂತ ನೋಡಬೇಕಾದದ್ದು ಸ್ಪೀಕರಿನ ಓಮ್, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆ. 4 ಓಮಿನ ಸ್ಪೀಕರ್ ಅದೇ ವಾಲ್ಯೂಮಿನಲ್ಲಿ 8 ಓಮಿನದರ ಎರಡರಷ್ಟು ಕರೆಂಟ್ ಎಳೆಯುತ್ತದೆ. ಅಗ್ಗದ ರಿಸೀವರಿಗೆ ಅಂಥವನ್ನು ಐದು ಕಟ್ಟಿದರೆ ಜೋರಿನ ದೃಶ್ಯದಲ್ಲಿ ಬಿಸಿಯಾಗಿ ಪ್ರೊಟೆಕ್ಷನ್‌ಗೆ ಹೋಗಿ ಆಫ್ ಆಗುತ್ತದೆ. 6 ಅಥವಾ 8 ಓಮಿನವು ಸಿಕ್ಕರೆ ನಿಶ್ಚಿಂತೆ.

ಕಪಾಟಿನೊಳಗಿನ ಸೆಂಟರ್

ಸಿನಿಮಾದ ಮಾತು ಹೆಚ್ಚುಕಡಿಮೆ ಎಲ್ಲವೂ ಬರುವುದು ನಡುವಿನ ಸ್ಪೀಕರಿನಿಂದ, ಅಂದರೆ ಸೆಂಟರಿನಿಂದ. ಆದರೆ ಸೆಟ್ಟಿನಲ್ಲಿ ಅತಿ ಚಿಕ್ಕದಾಗಿ, ಅತಿ ಕೆಟ್ಟ ಜಾಗದಲ್ಲಿ ಇಡುವುದೂ ಅದನ್ನೇ. ಟಿವಿ ಯೂನಿಟ್ಟಿನ ಕೆಳಖಾನೆಯನ್ನು ಒಮ್ಮೆ ಬಗ್ಗಿ ನೋಡಿ. ಸೆಟ್‌ಟಾಪ್ ಬಾಕ್ಸಿನ ಪಕ್ಕದಲ್ಲಿ, ಖಾನೆಯ ಅಂಚಿನಿಂದ ಒಂದು ಗೇಣು ಒಳಗೆ ತಳ್ಳಿದ ಸೆಂಟರ್. ಮೇಲೆ ಹಲಗೆ, ಎರಡೂ ಬದಿ ಹಲಗೆ. ಸ್ಪೀಕರಿನ ಮುಖ ಮಂಡಿಯ ಮಟ್ಟದಲ್ಲಿದೆ, ಕೇಳುವವರ ಕಿವಿ ಅದಕ್ಕಿಂತ ಅರ್ಧ ಮೀಟರ್ ಮೇಲಿದೆ. ಅದರೊಳಗೆ ಮೇಲಿನ ಸ್ವರಗಳಿಗೆಂದೇ ಇರುವ ಟ್ವೀಟರಿನಿಂದ ಹೊರಟ ಸ್ಪಷ್ಟತೆಯೆಲ್ಲ ಕೂತವರ ಮೊಣಕಾಲಿಗೆ ಹೋಗುತ್ತದೆ. ಖಾನೆಯೇ ಒಂದು ಡಬ್ಬಿಯಾಗಿ ಗಂಡುದನಿಗಳೆಲ್ಲ ಮೂಗು ಕಟ್ಟಿದಂತೆ ಮೊಳಗುತ್ತವೆ. ‘ಮಾತು ತಿಳಿಯುವುದಿಲ್ಲ’ ಎಂಬ ದೂರಿನ ಅರ್ಧಪಾಲು ಇಲ್ಲಿದೆ.

ಮದ್ದಿಗೆ ಖರ್ಚಿಲ್ಲ. ಸ್ಪೀಕರನ್ನು ಮುಂದೆಳೆದು ಅದರ ಮುಖ ಹಲಗೆಯ ಅಂಚಿಗೆ ಸಮವಾಗಿ, ಬೇಕಿದ್ದರೆ ಒಂದು ಬೆರಳು ಹೊರಗೆ ಬರುವಂತಿಡಿ. ಮುಂದಿನ ತುದಿಯ ಕೆಳಗೆ ರಬ್ಬರ್ ತುಂಡು ಕೊಟ್ಟು ಮುಖವನ್ನು ಕಿವಿಯತ್ತ ಎತ್ತಿ. ಓರೆ ಸರಿಯಾಯಿತೇ ಎಂದು ನೋಡಲು ಸ್ಪೀಕರಿನ ಮೇಲ್ಮೈಗೆ ಉದ್ದನೆಯ ಅಳತೆಪಟ್ಟಿ ಇಟ್ಟು ಅದರ ನೇರಕ್ಕೆ ಕಣ್ಣು ಹಾಯಿಸಿ. ಸೋಫಾದಲ್ಲಿ ಕೂತವರ ಮುಖ ಕಾಣಬೇಕು. ಖಾಲಿ ಬದಿಗಳಿಗೆ ಮಡಿಸಿದ ದಪ್ಪ ಬಟ್ಟೆ ತುರುಕಿದರೆ ಡಬ್ಬಿಯ ಮೊಳಗು ಇಳಿಯುತ್ತದೆ.

ಹೊಸದಾಗಿ ಕೊಳ್ಳುವವರು ಇನ್ನೊಂದನ್ನು ನೋಡಬೇಕು. ಬಹುತೇಕ ಸೆಂಟರ್‌ಗಳಲ್ಲಿ ಅಡ್ಡಡ್ಡಕ್ಕೆ ಕೆಳಗಿನ ಸ್ವರಗಳ ಎರಡು ವೂಫರು, ನಡುವೆ ಒಂದು ಟ್ವೀಟರು ಇರುತ್ತದೆ. ನೇರ ಎದುರು ಕೂತವರಿಗೆ ತೊಂದರೆಯಿಲ್ಲ. ಬದಿಗೆ ಕೂತವರಿಗೆ ಎರಡು ವೂಫರುಗಳ ದೂರ ಬೇರೆಬೇರೆಯಾಗಿ ಕೆಲವು ಆವರ್ತನಗಳಲ್ಲಿ ಒಂದರ ಶಬ್ದವನ್ನು ಇನ್ನೊಂದು ಅಳಿಸುತ್ತದೆ, ಅದೂ ಮಾತಿನ ಸ್ಪಷ್ಟತೆ ಇರುವ ವಲಯದಲ್ಲೇ. ಸೋಫಾದ ತುದಿಯಲ್ಲಿ ಕೂರುವ ಹಿರಿಯರು ‘ಏನಂದ? ಏನಂದ?’ ಎಂದು ಕೇಳುತ್ತಿದ್ದರೆ ಅವರ ಕಿವಿಯನ್ನು ದೂರುವ ಮೊದಲು ಈ ಸ್ಪೀಕರಿನ ಜೋಡಣೆ ನೋಡಿ. ಟ್ವೀಟರಿನ ಕೆಳಗೇ ನಡುಸ್ವರಗಳಿಗೆಂದು ಸಣ್ಣ ಮಿಡ್‌ರೇಂಜ್ ಇರುವ ‘ತ್ರೀ-ವೇ’ ಸೆಂಟರಿನಲ್ಲಿ ಈ ಕಾಟ ಕಡಿಮೆ. ಜಾಗವಿದ್ದರೆ ಎಡಬಲದಲ್ಲಿರುವ ಬುಕ್‌ಶೆಲ್ಫ್‌ನಂಥದ್ದೇ ಮೂರನೆಯದನ್ನು ನಿಲ್ಲಿಸಿ ಇಡುವುದು ಎಲ್ಲಕ್ಕಿಂತ ಉತ್ತಮ. ನೋಡುವವರು ಇಬ್ಬರೇ, ಅವರೂ ನಡುವೆಯೇ ಕೂರುವವರಾದರೆ ಸೆಂಟರೇ ಬೇಡ. ರಿಸೀವರಿನಲ್ಲಿ ‘ಸೆಂಟರ್: ಇಲ್ಲ’ ಎಂದು ಹಾಕಿದರೆ ಮಾತು ಎಡಬಲಕ್ಕೆ ಸಮನಾಗಿ ಹಂಚಿ ಪರದೆಯ ನಡುವಿನಿಂದಲೇ ಬಂದಂತೆ ಕೇಳುತ್ತದೆ. ಅಗ್ಗದ ಸೆಂಟರಿಗಿಂತ ಒಳ್ಳೆಯ ಜೋಡಿ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂದಿನ ಮೂರೂ ಒಂದೇ ಕಂಪನಿಯ ಒಂದೇ ಸರಣಿಯವಾಗಿರಲಿ. ಕಾರೊಂದು ಎಡದಿಂದ ಬಲಕ್ಕೆ ಹೋಗುವಾಗ ನಡುವೆ ಅದರ ದನಿ ಬದಲಾಗಬಾರದು. ಎಡಬಲದವು ಕೂತ ಜಾಗದಿಂದ ನಡುಗೆರೆಗೆ 22ರಿಂದ 30 ಡಿಗ್ರಿ ಕೋನದಲ್ಲಿ, ಟ್ವೀಟರ್ ಕಿವಿಯೆತ್ತರದಲ್ಲಿರಲಿ. 2.7 ಮೀಟರ್ ದೂರಕ್ಕೆ ಅಂದರೆ ಎರಡರ ನಡುವೆ 2ರಿಂದ 2.7 ಮೀಟರ್. ಗೋಡೆಯಿಂದ ಎಷ್ಟು ದೂರ ಎಂಬುದಕ್ಕೂ ಲೆಕ್ಕವಿದೆ. ಸ್ಪೀಕರಿನ ಮುಖ ಅದರ ಬೆನ್ನಿನ ಗೋಡೆಯಿಂದ ಒಂದು ಮೀಟರಿನಲ್ಲಿದ್ದರೆ 86 ಹರ್ಟ್ಜ್ ಸುತ್ತ, ಅರ್ಧ ಮೀಟರಿನಲ್ಲಿದ್ದರೆ 171 ಹರ್ಟ್ಜ್ ಸುತ್ತ ಗೋಡೆಯ ಪ್ರತಿಫಲನ ಬಂದು ಶಬ್ದವನ್ನು ತಗ್ಗಿಸುತ್ತದೆ. ಎರಡನೆಯದು ಗಂಡುದನಿಯ ಗಾತ್ರ ಇರುವ ಜಾಗ. ಆದ್ದರಿಂದ ಸಣ್ಣ ಕೋಣೆಯಲ್ಲಿ ‘ಸ್ವಲ್ಪ ಮುಂದೆ’ ಎಂಬ ಅರೆಬರೆ ಜಾಗಕ್ಕಿಂತ ಗೋಡೆಗೆ ಆದಷ್ಟು ಹತ್ತಿರ ಇಡುವುದೇ ಲೇಸು. ಹಿಂದೆ ತೂತಿರುವ ಪೆಟ್ಟಿಗೆಯಾದರೆ ಜೊತೆಗೆ ಕೊಟ್ಟ ಫೋಮ್ ಬಿರಡೆ ಹಾಕಿ. ಕೆಳಗಿನ ಬೇಸನ್ನು ಹೇಗೂ ಸಬ್‌ವೂಫರ್ ನೋಡಿಕೊಳ್ಳುತ್ತದೆ.

ಬೇಸಿಗೆ ಜಾಗ ಹುಡುಕುವುದು

80 ಹರ್ಟ್ಜ್‌ಗಿಂತ ಕೆಳಗಿನ ಶಬ್ದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಗೊತ್ತಾಗುವುದು ಕಷ್ಟ. ಅಲ್ಲಿಂದ ಕೆಳಗಿನದನ್ನೆಲ್ಲ ಸಬ್‌ವೂಫರಿಗೆ ದಾಟಿಸುವ ರೂಢಿ ಬಂದದ್ದು ಇದರಿಂದಲೇ. ಹೀಗಾಗಬೇಕಾದರೆ ಉಳಿದ ಸ್ಪೀಕರುಗಳು 80ರವರೆಗೆ ಸಲೀಸಾಗಿ ಇಳಿಯಬೇಕು. 13ರಿಂದ 16 ಸೆಂಟಿಮೀಟರ್ ವೂಫರಿನ ಬುಕ್‌ಶೆಲ್ಫ್‌ಗಳು 55–60 ಹರ್ಟ್ಜ್‌ವರೆಗೆ ಹೋಗುತ್ತವೆ, ಸರಿಹೊಂದುತ್ತದೆ. ಅಂಗೈಯಗಲದ ‘ಸ್ಯಾಟಲೈಟ್’ ಸ್ಪೀಕರುಗಳು 120–150ಕ್ಕೇ ಕೈಚೆಲ್ಲುತ್ತವೆ. ಆಗ ಕ್ರಾಸ್‌ಓವರನ್ನು, ಅಂದರೆ ಸಬ್‌ವೂಫರಿಗೆ ದಾಟಿಸುವ ಗಡಿಯನ್ನು, ಅಷ್ಟು ಮೇಲಕ್ಕೆ ಏರಿಸಬೇಕಾಗಿ, ನಾಯಕನ ದನಿಯ ಬುಡ ಮೂಲೆಯ ಸಬ್‌ವೂಫರಿನಿಂದ ಬರಲಾರಂಭಿಸುತ್ತದೆ. ನೆಲದ ಮೇಲೆ ನಿಲ್ಲುವ ಟವರ್ ಸ್ಪೀಕರ್ ಬೇಕೇ ಎಂದು ಕೇಳಿದರೆ, ಸಬ್‌ವೂಫರ್ ಇರುವ ಸಣ್ಣ ಕೋಣೆಗೆ ಬೇಡ. ಆ ದುಡ್ಡನ್ನು ಸಬ್‌ವೂಫರಿಗೆ ಹಾಕಿ.

ಅದನ್ನು ಎಲ್ಲಿಡಬೇಕೆಂದು ತಿಳಿಯಲು ಒಂದು ಹಳೆಯ ಉಪಾಯವಿದೆ, ನೋಡಲು ನಗು ಬರುವಂಥದ್ದು. ಸಬ್‌ವೂಫರನ್ನು ಹೊತ್ತು ತಂದು ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲೇ ಕೂರಿಸಿ. ಬೇಸ್ ಸ್ವರಗಳು ಮೆಟ್ಟಿಲುಮೆಟ್ಟಿಲಾಗಿ ಏರಿಳಿಯುವ ಹಾಡೊಂದನ್ನು, ಇಲ್ಲವೇ 30ರಿಂದ 80 ಹರ್ಟ್ಜ್‌ವರೆಗೆ ನಿಧಾನ ಏರುವ ಟೆಸ್ಟ್ ಟೋನನ್ನು ಮತ್ತೆಮತ್ತೆ ಹಾಕಿ. ಈಗ ನೀವು ಅಂಬೆಗಾಲಿನಲ್ಲಿ ಗೋಡೆಯಂಚಿಗೆ ಹೊರಡಿ, ತಲೆ ಸಬ್‌ವೂಫರಿನ ಎತ್ತರದಲ್ಲಿರಲಿ. ಮೂಲೆಗೆ ಬಂದಾಗ ಶಬ್ದ ಗೋಡೆಯೇ ನಡುಗುವಂತೆ ಉಬ್ಬುತ್ತದೆ, ಆದರೆ ಒಂದೆರಡು ಸ್ವರ ಮಾತ್ರ ಉಬ್ಬಿ ಉಳಿದವು ಅದರಡಿ ಹೂತುಹೋಗಿರುತ್ತವೆ. ಮುಂದೆ ಸರಿದರೆ ಕೆಲವೆಡೆ ಬೇಸ್ ಮಾಯವೇ ಆಗುತ್ತದೆ. ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೇಳುವ ಜಾಗ ಸಿಕ್ಕರೆ ಅಲ್ಲೊಂದು ಟೇಪಿನ ಗುರುತು ಹಾಕಿ. ಸಬ್‌ವೂಫರಿನ ಜಾಗ ಅದು. ಅದು ಬಾಗಿಲಿನ ಹಿಂದೆಯೇ ಸಿಗುವುದೂ ಉಂಟು, ಆಗ ಎರಡನೆಯ ಒಳ್ಳೆಯ ಜಾಗ ಹುಡುಕಬೇಕು.

ದೊಡ್ಡದೊಂದಕ್ಕಿಂತ ಚಿಕ್ಕವೆರಡು ವಾಸಿ. ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯಲ್ಲಿ ಟಾಡ್ ವೆಲ್ಟಿ ಮಾಡಿದ ಅಧ್ಯಯನ ತೋರಿಸಿದ್ದು ಇದನ್ನೇ: ಎದುರುಬದುರು ಗೋಡೆಗಳ ನಡುಮಧ್ಯದಲ್ಲಿ ಒಂದೊಂದು ಇಟ್ಟರೆ ಕೋಣೆಯ ಏರುತಗ್ಗುಗಳು ಒಂದನ್ನೊಂದು ತುಂಬಿಕೊಂಡು ಎಲ್ಲ ಆಸನಗಳಿಗೂ ಬೇಸ್ ಸಮನಾಗುತ್ತದೆ. ಜೋರು ಹೆಚ್ಚುವುದು ಎರಡನೆಯ ಲಾಭ ಅಷ್ಟೆ. ಒಂದೇ ಸಾಕೆನ್ನುವವರೂ ಎರಡು ಸಬ್‌ವೂಫರ್ ಔಟ್ ಇರುವ ರಿಸೀವರನ್ನೇ ತೆಗೆದುಕೊಂಡಿರಲಿ.

ತಂತಿ ಸಿಕ್ಕಿಸಿದ ಮೇಲೆ ಸಬ್‌ವೂಫರಿನ ಬೆನ್ನಿನ ಕ್ರಾಸ್‌ಓವರ್ ಗುಂಡಿಯನ್ನು ಗರಿಷ್ಠಕ್ಕೆ ತಿರುಗಿಸಿ. ಆ ಕೆಲಸವನ್ನು ರಿಸೀವರ್ ಮಾಡುತ್ತದೆ. ಎರಡು ಕಡೆ ಸೋಸಿದರೆ ನಡುವೆ ಹಳ್ಳ ಬೀಳುತ್ತದೆ. ಉಳಿದ ಸ್ಪೀಕರುಗಳ ಅಲೆಯೊಂದಿಗೆ ಸಬ್‌ವೂಫರಿನದನ್ನು ಹೊಂದಿಸುವ ಫೇಸ್ ಗುಂಡಿಯನ್ನು 0 ಮತ್ತು 180ರಲ್ಲಿಟ್ಟು 80 ಹರ್ಟ್ಜ್ ಟೋನ್ ಕೇಳಿ, ಯಾವುದರಲ್ಲಿ ಜೋರೋ ಅದನ್ನೇ ಉಳಿಸಿ.

ಸುತ್ತಲಿನದು, ತಲೆಯ ಮೇಲಿನದು

ಸರೌಂಡ್ ಸ್ಪೀಕರುಗಳಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ, ಚಿಕ್ಕವಾದರೂ ನಡೆಯುತ್ತದೆ. ಕಿವಿಯ ನೇರದಿಂದ ತುಸು ಹಿಂದೆ, ಪರದೆಯ ನೇರದಿಂದ ಎಣಿಸಿದರೆ 110ರಿಂದ 120 ಡಿಗ್ರಿಯಲ್ಲಿ, ಕಿವಿಗಿಂತ ಒಂದಡಿ ಮೇಲೆ. ಸೋಫಾ ಗೋಡೆಗೇ ಒರಗಿದ್ದರೆ ನೇರ ಪಕ್ಕಕ್ಕೆ ತನ್ನಿ. ಆಗ ಏಳು ಚಾನೆಲ್ಲಿನ ಆಸೆ ಬಿಡಿ. ಹಿಂದಿನ ಎರಡಕ್ಕೆ ಜಾಗವೇ ಇಲ್ಲ, ತಲೆಗೆ ತಾಗಿಕೊಂಡಿರುವ ಸ್ಪೀಕರು ಸಿನಿಮಾವನ್ನು ಕೆಡಿಸುತ್ತದೆ. ಉಳಿದ ಎರಡು ಚಾನೆಲ್‌ಗಳನ್ನು ಚಾವಣಿಗೆ ಕೊಟ್ಟರೆ ಡಾಲ್ಬಿ ಅಟ್ಮಾಸ್ ಎಂಬ ಶಬ್ದಪದ್ಧತಿಯ ಮಳೆ, ಹೆಲಿಕಾಪ್ಟರು ಮೇಲಿನಿಂದ ಬರುತ್ತವೆ. ಚಾವಣಿಗೆ ನಿಜವಾದ ಸ್ಪೀಕರ್ ಹಾಕಿ, ಕೂತ ಜಾಗಕ್ಕಿಂತ ತುಸು ಮುಂದೆ. ಚಾವಣಿಗೆ ಶಬ್ದ ಬಡಿಸಿ ಕೆಳಗಿಳಿಸುವ ಮೇಲ್ಮುಖದ ಸ್ಪೀಕರುಗಳಿಗೆ ಸಪಾಟಾದ, ಗಟ್ಟಿ ಚಾವಣಿ ಬೇಕೇ ಬೇಕು. ತೊಲೆಯೋ ಇಳಿಜಾರೋ ಇದ್ದರೆ ಹಾಕಿದ್ದು ವ್ಯರ್ಥ.

ರಿಸೀವರ್

ಎಚ್‌ಡಿಎಂಐ ತಂತಿಯಲ್ಲೇ ಟಿವಿಯ ಶಬ್ದವನ್ನು ರಿಸೀವರಿಗೆ ಕಳಿಸುವ ವ್ಯವಸ್ಥೆ ಎಆರ್‌ಸಿ, ಅದರ ಹೊಸ ರೂಪ ಇಎಆರ್‌ಸಿ. ಹಳೆಯ ಎಆರ್‌ಸಿ ಮೂಲಕ ಸರೌಂಡ್ ಶಬ್ದ ಬರುವುದು ಹಿಂಡಿದ ರೂಪದಲ್ಲಿ ಮಾತ್ರ. ಸ್ಟ್ರೀಮಿಂಗ್‌ನ ಅಟ್ಮಾಸ್‌ಗೆ ಅದೂ ಸಾಕು, ಏಕೆಂದರೆ ಅದು ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಹಿಂಡಿದ ರೂಪದ ಮೇಲೆ ಸವಾರಿ ಮಾಡುತ್ತದೆ. ಬ್ಲೂರೇ ಪ್ಲೇಯರನ್ನು ಟಿವಿಗೆ ಕಟ್ಟಿ ಅಲ್ಲಿಂದ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಎಂಬ ಮೇಲ್ಮಟ್ಟದ ಶಬ್ದ ತರಬೇಕಿದ್ದರೆ ಇಎಆರ್‌ಸಿ ಎರಡೂ ಕಡೆ ಇರಬೇಕು. ಪ್ಲೇಯರನ್ನು ನೇರ ರಿಸೀವರಿಗೇ ಸಿಕ್ಕಿಸಿದರೆ ಈ ತಕರಾರೇ ಇಲ್ಲ. ಗೇಮ್ ಕನ್ಸೋಲ್ ಇದ್ದರೆ 4ಕೆ 120 ಹರ್ಟ್ಜ್ ದಾಟಿಸುವ ಎಚ್‌ಡಿಎಂಐ ಪೋರ್ಟು ಎಷ್ಟಿವೆ ಎಂದು ಎಣಿಸಿ. ಹಿಂದೆ ಆರೇಳು ಪೋರ್ಟಿದ್ದರೂ ಆ ಸಾಮರ್ಥ್ಯ ಒಂದೆರಡಕ್ಕೇ ಇರುವ ಮಾಡೆಲುಗಳಿವೆ. ಇಲ್ಲದಿದ್ದರೆ ಕನ್ಸೋಲನ್ನು ಟಿವಿಗೆ ಕಟ್ಟಿ ಇಎಆರ್‌ಸಿಯಿಂದ ಶಬ್ದ ತಂದುಕೊಳ್ಳಬಹುದು.

ಸಣ್ಣ ಕೋಣೆಗೆ ರಿಸೀವರ್ ಆರಿಸುವಾಗ ಹೆಚ್ಚು ತೂಕ ಕೊಡಬೇಕಾದದ್ದು ರೂಮ್ ಕರೆಕ್ಷನ್‌ಗೆ, ಅಂದರೆ ಜೊತೆಗೆ ಬರುವ ಮೈಕಿನಿಂದ ಅಳೆದು ಕೋಣೆಯ ಏರುತಗ್ಗನ್ನು ತಿದ್ದುವ ವ್ಯವಸ್ಥೆಗೆ. ಆಡಿಸ್ಸಿ, ಡಿರಾಕ್, ಯಮಾಹಾದ ವೈಪಾವೊ ಹೀಗೆ ಹೆಸರು ಬೇರೆಬೇರೆ. ಒಂದೇ ಹೆಸರಿನ ಕೆಳಗೂ ಮೆಟ್ಟಿಲುಗಳಿವೆ. ಕೆಳಮೆಟ್ಟಿಲಿನ ಕೆಲವು ಸಬ್‌ವೂಫರಿನ ಏರುತಗ್ಗನ್ನು ಮುಟ್ಟುವುದೇ ಇಲ್ಲ, ಆದರೆ ತಿದ್ದಬೇಕಾಗಿರುವುದು ಅದನ್ನೇ. ಕೊಳ್ಳುವ ಮೊದಲು ಸಬ್‌ವೂಫರಿಗೂ ತಿದ್ದುಪಡಿ ಇದೆಯೇ ಎಂದು ಕೇಳಿ.

ಅಳೆಯುವಾಗ ಮೈಕನ್ನು ಸೋಫಾದ ಬೆನ್ನಿಗೆ ಒರಗಿಸುವುದು, ದಿಂಬಿನ ಮೇಲಿಡುವುದು, ಕೈಯಲ್ಲಿ ಹಿಡಿಯುವುದು ಎಲ್ಲ ತಪ್ಪು. ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ ಕಿವಿಯೆತ್ತರಕ್ಕೆ ನಿಲ್ಲಿಸಿ, ಬೆನ್ನಿನ ದಿಂಬಿನಿಂದ ಒಂದಡಿ ಮುಂದೆ. ಫ್ಯಾನ್ ಆರಿಸಿ, ನೀವೂ ಬದಿಗೆ ಸರಿಯಿರಿ. ಮೊದಲ ಅಳತೆ ಮುಖ್ಯ ಆಸನದಲ್ಲಾಗಬೇಕು, ಏಕೆಂದರೆ ದೂರ ಮತ್ತು ಮಟ್ಟ ಅದರಿಂದಲೇ ಲೆಕ್ಕವಾಗುತ್ತವೆ. ಮುಗಿದ ಮೇಲೆ ಫಲಿತಾಂಶ ಓದಿ. ಸಬ್‌ವೂಫರಿನ ದೂರ ಟೇಪಿಗಿಂತ ಒಂದೆರಡು ಮೀಟರ್ ಹೆಚ್ಚಿದ್ದರೆ ಗಾಬರಿಯಾಗಿ ತಿದ್ದಬೇಡಿ. ಅದರೊಳಗಿನ ಸರ್ಕ್ಯೂಟಿನಲ್ಲಾಗುವ ವಿಳಂಬವನ್ನೂ ರಿಸೀವರ್ ದೂರವೆಂದೇ ಎಣಿಸಿದೆ. ಸ್ಪೀಕರುಗಳನ್ನು ‘ಲಾರ್ಜ್’ ಎಂದು ಬರೆದುಕೊಂಡಿದ್ದರೆ ಮಾತ್ರ ‘ಸ್ಮಾಲ್’ ಮಾಡಿ ಕ್ರಾಸ್‌ಓವರ್ 80 ಹಾಕಿ. ಸಬ್‌ವೂಫರ್ ಮಟ್ಟ -12 ತೋರಿಸಿದರೆ ಅದು ತಳಕ್ಕೆ ತಾಗಿದೆ ಎಂದರ್ಥ. ಬೆನ್ನಿನ ವಾಲ್ಯೂಮ್ ಗುಂಡಿ ತಗ್ಗಿಸಿ ಮತ್ತೆ ಅಳೆಯಿರಿ.

ಇಷ್ಟಾದ ಮೇಲೂ ರಾತ್ರಿ ಹೊತ್ತು ಪಿಸುಮಾತು, ಸ್ಫೋಟಗಳ ಅಂತರ ಹೆಚ್ಚೆನಿಸಿದರೆ ಅದು ಸಿನಿಮಾದಲ್ಲೇ ಇರುವ ಅಂತರ, ಸೆಟ್ಟಿನ ದೋಷವಲ್ಲ. ಸೆಂಟರನ್ನು 2 ಡೆಸಿಬೆಲ್ ಏರಿಸಿ, ಈ ಅಂತರವನ್ನು ಕುಗ್ಗಿಸುವ ಡೈನಾಮಿಕ್ ರೇಂಜ್ ಕಂಪ್ರೆಷನ್ ಆನ್ ಮಾಡಿ. ಶುದ್ಧವಾದಿಗಳು ಮೂಗು ಮುರಿದರೆ ಮುರಿಯಲಿ, ಪಕ್ಕದ ಕೋಣೆಯಲ್ಲಿ ಮಲಗಿದವರು ಅವರಲ್ಲ.

ತಂತಿ, ಗಾಳಿ, ಕೊಳ್ಳುವ ಸರದಿ

10 ಮೀಟರ್ ಒಳಗಿನ ಓಟಕ್ಕೆ 16 ಗೇಜ್ ತಾಮ್ರದ ತಂತಿ ಸಾಕು, ಅದಕ್ಕಿಂತ ಉದ್ದಕ್ಕೆ ಇನ್ನೂ ದಪ್ಪದ 14. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯೂ ನೋಡಲು ಹಾಗೇ ಇರುತ್ತದೆ. ತುದಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಸುಲಿದ ತುದಿಯ ಒಂದೇ ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ ಪ್ರೊಟೆಕ್ಷನ್‌ಗೆ ಹೋಗುತ್ತದೆ, ಬನಾನಾ ಪ್ಲಗ್ ಹಾಕಿದರೆ ಆ ಭಯವಿಲ್ಲ. ಪ್ಲಸ್ ಮೈನಸ್ ಒಂದು ಸ್ಪೀಕರಿಗೆ ಅದಲುಬದಲಾದರೆ ಶಬ್ದ ಬರುತ್ತದೆ, ಬೇಸ್ ಮಾತ್ರ ಕೃಶವಾಗಿ, ಮಾತು ಎಲ್ಲಿಂದ ಬರುತ್ತಿದೆಯೋ ತಿಳಿಯದಂತಾಗುತ್ತದೆ. ಅನುಮಾನವಿದ್ದರೆ ರಿಸೀವರ್ ಕಡೆಯ ತುದಿ ಬಿಚ್ಚಿ 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ತಾಗಿಸಿ: ಪ್ಲಸ್‌ಗೆ ಪ್ಲಸ್ ಇದ್ದರೆ ವೂಫರಿನ ಕೋನ್ ಹೊರಗೆ ಚಿಮ್ಮುತ್ತದೆ. ರಿಸೀವರಿನ ಮೇಲೆ 10 ಸೆಂಟಿಮೀಟರ್ ಖಾಲಿ ಬಿಡಿ, ಸೆಟ್‌ಟಾಪ್ ಬಾಕ್ಸನ್ನು ಅದರ ತಲೆಯ ಮೇಲೆ ಹೊರಿಸಬೇಡಿ.

ದುಡ್ಡು ಒಟ್ಟಿಗೆ ಹೊಂದದಿದ್ದರೆ ಒಂದು ಒಳ್ಳೆಯ ಜೋಡಿ ಮತ್ತು ರಿಸೀವರಿನಿಂದ ಶುರುಮಾಡಿ. ಆಮೇಲೆ ಸಬ್‌ವೂಫರ್, ಆಮೇಲೆ ಅದೇ ಸರಣಿಯ ಸೆಂಟರ್, ಸರೌಂಡ್ ಕೊನೆಗೆ. ಸರಣಿಯ ತಯಾರಿಕೆ ನಿಂತುಹೋದರೆ ಹೊಂದುವ ಸೆಂಟರ್ ಮತ್ತೆ ಸಿಗುವುದಿಲ್ಲ, ಹಾಗಾಗಿ ಅದನ್ನು ತುಂಬ ಮುಂದೂಡಬೇಡಿ. ಸ್ಪೀಕರು ಇಪ್ಪತ್ತು ವರ್ಷ ಬಾಳುತ್ತದೆ. ಎಚ್‌ಡಿಎಂಐ ಬದಲಾದ ಹಾಗೆ ರಿಸೀವರು ಐದಾರು ವರ್ಷಕ್ಕೇ ಹಳತಾಗುತ್ತದೆ. ಬಳಸಿದ್ದನ್ನು ಕೊಳ್ಳುವುದಾದರೆ ಸ್ಪೀಕರನ್ನು ಧೈರ್ಯವಾಗಿ ಕೊಳ್ಳಿ, ವೂಫರಿನ ಸುತ್ತಲ ಫೋಮ್ ಅಂಚು ಪುಡಿಯಾಗಿಲ್ಲವೇ ಎಂದು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿಕೊಂಡು. ರಿಸೀವರನ್ನಾದರೆ ಎಲ್ಲ ಎಚ್‌ಡಿಎಂಐ ಪೋರ್ಟಿಗೂ ಒಂದೊಂದಾಗಿ ತಂತಿ ಸಿಕ್ಕಿಸಿ ಚಿತ್ರ ಬರುವುದನ್ನು ಕಣ್ಣಾರೆ ನೋಡಿ, ಅಳತೆಯ ಮೈಕ್ ಜೊತೆಗಿದೆಯೇ ಎಂದು ಕೇಳಿ. ಬೇರೆ ಮಾಡೆಲಿನ ಮೈಕ್ ಸಿಕ್ಕಿಸಿದರೆ ಅಳತೆ ತಪ್ಪುತ್ತದೆ.